ವಶೀಲಿ: ಉಪಕಾರವೋ, ಅನ್ಯಾಯವೋ?

ಉದ್ಯೋಗವನ್ನರಸಿ ಊರು ಬಿಡುವ ತರುಣನಿಗೆ ಹಿರಿಯರು ಹೇಳುವ ಮೊದಲ ಮಾತು, "ಅಲ್ಲಿ ನಮ್ಮವರು ಯಾರದಾರ, ಮೊದಲ ನೋಡಪಾ" ಎಂಬುದು. ಅಕ್ಕಲಕೋಟ, ಜತ್ತ, ಸೊಲ್ಲಾಪುರಗಳ ಕನ್ನಡ ಮನೆಗಳಿಂದ ಪುಣೆಗೋ ಬೆಂಗಳೂರಿಗೋ ಹೊರಟವರ ಪಾಲಿಗೆ ಇದು ಬರಿಯ ಲೋಕಾಚಾರದ ಮಾತಲ್ಲ. ಅಪರಿಚಿತ ನಗರದಲ್ಲಿ ಒಂದು ಕೋಣೆ, ಒಂದು ಹೊತ್ತಿನ ಊಟ, ಒಂದು ಕೆಲಸದ ಸುಳಿವು ದೊರೆಯುವುದು "ನಮ್ಮವರ" ಮೂಲಕವೇ. ಹಿಂದೆ ಮದುವೆಮನೆಗಳಲ್ಲಿ, ಜಾತ್ರೆಗಳಲ್ಲಿ ನಡೆಯುತ್ತಿದ್ದ ಈ ವಿಚಾರಣೆ ಇಂದು ವಾಟ್ಸಾಪ್ ಬಳಗಗಳಲ್ಲಿಯೂ 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಜಾಲತಾಣದಲ್ಲಿಯೂ ನಡೆಯುತ್ತಿದೆ. ಆದರೆ ಹೀಗೆ ಪರಿಚಯದ ಬಲದಿಂದ ಕೆಲಸ ಪಡೆಯುವುದೂ ಕೊಡಿಸುವುದೂ ನ್ಯಾಯವೇ ಎಂಬ ಪ್ರಶ್ನೆ ಹಳೆಯದು. ಅದು ಇನ್ನೂ ಬಗೆಹರಿದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಸಮೀಪದ ನ್ಯೂಟನ್ ಪಟ್ಟಣದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ವಿಚಾರಿಸಿ, 1973 ಮತ್ತು 1974ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ದೊರೆತದ್ದು ಪರಿಚಿತರಿಂದ. ಆ ಪರಿಚಿತರಲ್ಲಿ ಪದೇ ಪದೇ ಭೇಟಿಯಾಗುತ್ತಿದ್ದವರು ಶೇಕಡಾ 17ರಷ್ಟು ಮಾತ್ರ. ಉಳಿದವರು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಕಾಣಸಿಗುವ ಪರಿಚಯದವರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೂ ಬಹುಮಟ್ಟಿಗೆ ಇದನ್ನೇ ಹೇಳಿತು. ಕಾರಣ ಸರಳವಾದುದು. ಮನೆಯವರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು. ಅಂದಮೇಲೆ ಪರಿಚಯದ ಮುಖ್ಯ ಉಪಯೋಗ ಒತ್ತಡ ಹೇರುವುದಲ್ಲ, ಸುದ್ದಿ ಮುಟ್ಟಿಸುವುದು. ಸುದ್ದಿ ಎಷ್ಟು ಹಂಚಿದರೂ ಕರಗದ ವಸ್ತು. ಅದನ್ನು ಹತ್ತು ಜನರಿಗೆ ಮಾತ್ರ ತಿಳಿಸಿ ಹನ್ನೊಂದನೆಯವನಿಂದ ಮರೆಮಾಡುವುದು ಕೇವಲ ಜಿಪುಣತನ.

ಶಿಫಾರಸಿನ ಸಂಗತಿ ಬೇರೆ. "ಈ ಹುಡುಗ ಪ್ರಾಮಾಣಿಕ, ಕೆಲಸ ಬಲ್ಲವನು" ಎನ್ನುವವನು ಸಾಕ್ಷಿ ನುಡಿಯುತ್ತಾನೆ. ನ್ಯಾಯಾಲಯದ ಸಾಕ್ಷಿಯಂತೆಯೇ ಅವನು ಕಂಡದ್ದನ್ನು ಮಾತ್ರ ಹೇಳಬೇಕು. ಆದರೆ ಸೋದರಳಿಯನ ಅರ್ಜಿಯನ್ನು ಮುಂದಿಡುವ ಮಾವನು ಅವನನ್ನು ಕಂಡಿರುವುದು ಹಬ್ಬದ ಊಟದ ಪಂಕ್ತಿಯಲ್ಲಿ. ಕೆಲಸದ ಮೇಜಿನ ಮುಂದೆ ಅಲ್ಲ. ಇಲ್ಲಿ ಇನ್ನೊಂದು ತೊಡಕೂ ಉಂಟು. ಅನೇಕ ಖಾಸಗಿ ಕಂಪನಿಗಳು ತಮ್ಮ ನೌಕರರು ಸೂಚಿಸಿದ ಅಭ್ಯರ್ಥಿಯು ಆಯ್ಕೆಯಾದರೆ ಸೂಚಿಸಿದವರಿಗೆ ಬಹುಮಾನದ ಹಣ ಕೊಡುತ್ತವೆ. ಇದರಲ್ಲಿ ಗುಟ್ಟೇನೂ ಇಲ್ಲ, ನಿಯಮವೇ ಹಾಗಿದೆ. ಆದರೂ ಸಾಕ್ಷಿಗೆ ಬೆಲೆ ನಿಗದಿಯಾದ ಮೇಲೆ, ಹೆಸರನ್ನೂ ಸರಿಯಾಗಿ ಅರಿಯದ ಅಪರಿಚಿತನನ್ನು "ಬಲ್ಲೆ" ಎಂದು ಬರೆಯುವ ಪ್ರಲೋಭನೆ ಹುಟ್ಟುವುದು ಸಹಜ. ಅಂಥ ಒಂದು ಸುಳ್ಳಿನಿಂದ ಕೆಡುವುದು ಒಂದು ಹುದ್ದೆಯಷ್ಟೇ ಅಲ್ಲ. ಮುಂದೆ ಅದೇ ಊರಿನಿಂದ ಬರುವ ಯೋಗ್ಯನ ಪರವಾಗಿ ಆಡುವ ನಿಜವಾದ ಮಾತೂ ಬೆಲೆ ಕಳೆದುಕೊಳ್ಳುತ್ತದೆ.

ವಶೀಲಿ ಎಂಬುದು ಶಿಫಾರಸನ್ನೂ ದಾಟಿದುದು. ಅಲ್ಲಿ ಯೋಗ್ಯತೆಯ ಮಾತೇ ಇಲ್ಲ. ಋಣ, ದಾಕ್ಷಿಣ್ಯ, ಅಧಿಕಾರಗಳ ಬಲದಿಂದ ಜಾಗ ಕೇಳುವುದು. ಗಿರಣಿಗಳ ಕಾಲದಲ್ಲಿ ಇದರ ಪರಮಾವಧಿಯನ್ನು ಜನ ಕಂಡರು. ಮುಂಬಯಿಯ ಬಟ್ಟೆಗಿರಣಿಗಳಲ್ಲಿ ಜಾಬರ್ ಎಂಬ ಮೇಸ್ತ್ರಿ ತನ್ನ ಊರಿನವರನ್ನೂ ಬಂಧುಗಳನ್ನೂ ಕೆಲಸಕ್ಕೆ ಸೇರಿಸುತ್ತಿದ್ದ, ಲಂಚವನ್ನೂ ಪಡೆಯುತ್ತಿದ್ದ. 1931ರ ರಾಯಲ್ ಕಾರ್ಮಿಕ ಆಯೋಗದ ವರದಿ ಈ ಪದ್ಧತಿಯನ್ನು ಟೀಕಿಸಿತು. ಆದರೂ ಹಳ್ಳಿಯಿಂದ ಬರಿಗೈಯಲ್ಲಿ ಬಂದವನಿಗೆ ಆ ಜಾಬರನ ಹೊರತು ಬೇರೆ ಬಾಗಿಲು ಇರಲಿಲ್ಲ ಎಂಬುದನ್ನೂ ಮರೆಯಲಾಗದು. ಆ ಬಾಗಿಲು ಮುಂದೆ ಹೇಗೆ ಬೇಲಿಯಾಯಿತೆಂಬುದನ್ನು ಮುನ್ಶಿ ಮತ್ತು ರೋಸೆನ್‌ಜ್ವೈಗ್ ಎಂಬ ಅರ್ಥಶಾಸ್ತ್ರಜ್ಞರು ದಾದರಿನ ಶಾಲೆಗಳ ಅಧ್ಯಯನದಿಂದ 2006ರಲ್ಲಿ ತೋರಿಸಿದರು. ಇಂಗ್ಲಿಷ್ ಬಲ್ಲವರಿಗೆ ಹೊಸ ಉದ್ಯೋಗಗಳು ತೆರೆದಾಗಲೂ ಶ್ರಮಿಕ ಜಾತಿಗಳ ಹುಡುಗರು ಬಳಗದ ಹಳೆಯ ಕೆಲಸಗಳತ್ತಲೇ ಸಾಗಿದರು. ಅಂಥ ಬಳಗವೇ ಇಲ್ಲದ ಹುಡುಗಿಯರು ಇಂಗ್ಲಿಷ್ ಶಾಲೆ ಸೇರಿ ಮುಂದೆ ಹೋದರು.

ಹಾಗಾದರೆ ಪರಿಚಯವನ್ನೇ ನಿಷೇಧಿಸಿದರೆ ನ್ಯಾಯ ದೊರೆಯುವುದೇ? ಸರಕಾರಿ ನೌಕರಿಯಲ್ಲಿ ಸಂವಿಧಾನದ 16ನೆಯ ವಿಧಿ ಸಮಾನ ಅವಕಾಶವನ್ನು ವಿಧಿಸಿದೆ; ಅಲ್ಲಿ ವಶೀಲಿಗೆ ಯಾವ ಸಮರ್ಥನೆಯೂ ಸಲ್ಲದು. ಖಾಸಗಿ ವಲಯದಲ್ಲಿ ಮಾತ್ರ ಬರಿಯ ಅರ್ಜಿಯೂ ನಿಷ್ಪಕ್ಷಪಾತವಾಗಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಪತ್ರಿಕಾ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ 4,808 ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿದಾಗ, ದಲಿತ ಹಾಗೂ ಮುಸ್ಲಿಂ ಹೆಸರುಗಳಿಗೆ ಕರೆ ಬಂದದ್ದು ಕಡಿಮೆ. ಈ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಹೆಸರು ನೋಡಿಯೇ ಬದಿಗಿಡುವ ಕಡೆಯಲ್ಲಿ "ಇವನನ್ನು ಒಮ್ಮೆ ಕರೆದು ನೋಡಿರಿ" ಎಂಬ ಒಂದು ಮಾತು ಅನ್ಯಾಯವನ್ನು ತಡೆಯಲೂಬಹುದು. ಆದರೆ ಆ ಮಾತು ಯಾರ ಪಾಲಿಗೆ ದೊರೆಯುತ್ತದೆ? ಕನ್ನಡ ಶಾಲೆಯಲ್ಲಿ ಕಲಿತು, ಪುಣೆಯಲ್ಲಿ ಬಂಧುಗಳಿಲ್ಲದೆ, ಯಾವ ಬಳಗದ ಸಂದೇಶವೂ ತಲುಪದ ಜತ್ತ ತಾಲೂಕಿನ ಹುಡುಗನಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕು. ಎಲ್ಲರಿಗಿಂತ ಕಡಿಮೆ ಸಿಗುವುದೂ ಅವನಿಗೇ.

ಕಠಿಣವಾದ ಸಂದರ್ಭ ಬರುವುದು ಇಬ್ಬರನ್ನೂ ಬಲ್ಲವನಿಗೆ. ಒಂದೇ ಹುದ್ದೆಗೆ ಅವನ ತಮ್ಮನೂ ನೆರೆಯ ಬಡವನ ಮಗನೂ ಅರ್ಜಿ ಹಾಕಿದ್ದಾರೆ. ಎರಡನೆಯವನೇ ಸಮರ್ಥನೆಂದು ಅವನು ಬಲ್ಲ. ತಮ್ಮನಿಗೆ ಸುದ್ದಿ ಕೊಟ್ಟದ್ದು ತಪ್ಪಲ್ಲ. ಅವನಲ್ಲಿ ಕಂಡ ಗುಣವನ್ನು ಹೇಳುವುದೂ ತಪ್ಪಲ್ಲ. ಆದರೆ ಕೆಲಸ ಕೊಡುವವರು ಆ ಇನ್ನೊಬ್ಬನ ವಿಷಯ ಕೇಳಿದಾಗ "ನನಗೆ ಅಷ್ಟು ತಿಳಿಯದು" ಎಂದು ಅವನು ಸುಮ್ಮನಾದರೆ, ಆ ಮೌನದಿಂದ ತಮ್ಮನಿಗೆ ದೊರೆತ ಸಂಬಳದಲ್ಲಿ ನೆರೆಮನೆಯ ಪಾಲೂ ಸೇರಿರುತ್ತದೆ.