ಗುರ್ತಿನ ಅಣಬೆ

ನಾಲ್ಕು ದಿನ ಬಿಡದೆ ಹೊಯ್ದ ಪುಷ್ಯ ಮಳೆ ಮೊನ್ನೆ ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಕೊಟ್ಟಿಗೆಯ ಹಿಂದಿನ ದರೆ ಹತ್ತಿ ನೋಡಿದರೆ ಹಳೆಯ ಹುತ್ತದ ಸುತ್ತ ಹೆಗ್ಗಾಲಣಬೆ ಎದ್ದಿದ್ದವು. ಈ ಜಾಗವನ್ನು ನನಗೆ ತೋರಿಸಿದವರು ದೊಡ್ಡಮ್ಮ. ಟೊಪ್ಪಿಯ ನೆತ್ತಿಯಲ್ಲಿ ಕಂದು ಮೊನೆ ಇದೆಯಾ ನೋಡು ಎನ್ನುತ್ತಿದ್ದರು. ಬುಡಕ್ಕೆ ಕೈ ಹಾಕಿ ಕೀಳಲು ಬಿಡುತ್ತಿರಲಿಲ್ಲ. ಕೋಲಿನಿಂದ ಮಣ್ಣು ಸಡಿಲಿಸಬೇಕು. ಕಾಲು ಸಪೂರವಾಗುತ್ತಾ ಬೇರಿನಂತೆ ಆಳಕ್ಕೆ ಇಳಿದಿರುತ್ತದೆ. ಆ ಬಾಲ ಕಂಡ ಮೇಲೆಯೇ ಅಣಬೆ ಅವರ ಮಡಿಲು ಸೇರುತ್ತಿತ್ತು.

ಬರುವ ದಾರಿಯಲ್ಲಿ ಗೊಬ್ಬರಗುಂಡಿಯ ಪಕ್ಕ ಇನ್ನೊಂದು ಬಗೆಯದು, ಬೆಳ್ಳಗೆ, ಕಣ್ಣಿಗೆ ಇನ್ನೂ ಚೆಂದವಾಗಿ ನಿಂತಿರುತ್ತಿತ್ತು. ಇದೂ ಕೊಯ್ಯೋಣ ಎಂದರೆ ಅವರ ಉತ್ತರ ಯಾವಾಗಲೂ ಒಂದೇ: ‘ಅದು ನಂಗೆ ಗುರ್ತಿಲ್ಲ ಮಗಾ, ಮುಟ್ಬೇಡ.’ ಅದು ವಿಷ ಎಂದು ಒಮ್ಮೆಯೂ ಹೇಳಲಿಲ್ಲ. ಅವರ ಪಾಲಿಗೆ ಅಣಬೆಗಳಲ್ಲಿ ಇದ್ದದ್ದು ಎರಡೇ ಜಾತಿ, ಗುರ್ತು ಇರುವುದು ಮತ್ತು ಗುರ್ತು ಇಲ್ಲದ್ದು.

ಹೆಗ್ಗಾಲಣಬೆಯ ಬಾಲ ಎಲ್ಲಿಗೆ ಹೋಗುತ್ತದೆಂದು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಗೆದ್ದಲು ತರಗೆಲೆ, ಒಣ ಕಟ್ಟಿಗೆ ತಿಂದು ಬಂದು ನೆಲದೊಳಗೆ ಜೇನಿನ ಹಲ್ಲೆಯಂಥ ತಟ್ಟಿ ಕಟ್ಟುತ್ತದೆ, ಅದರ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ಗಟ್ಟಿ ನಾರನ್ನು ಶಿಲೀಂಧ್ರ ಮೆದು ಮಾಡಿಕೊಟ್ಟರೆ ಗೆದ್ದಲಿಗೆ ಊಟ. ಸುಮಾರು 3 ಕೋಟಿ ವರ್ಷಗಳಿಂದ ನಡೆದು ಬಂದ ಬೇಸಾಯ ಇದು. ಆ ತೋಟದಿಂದ ಹೊರಟು ಮಣ್ಣು ಸೀಳಿ ಮೇಲೆ ಬರುವುದೇ ನಮ್ಮ ಹೆಗ್ಗಾಲಣಬೆ. ಫ್ರಾನ್ಸಿನ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ಸಣ್ಣ ಸಣ್ಣದಾಗಿ, ನೆಲಕ್ಕೆ ಅಕ್ಕಿ ಚೆಲ್ಲಿದಂತೆ ಏಳುವ ಅಕ್ಕಿ ಅಣಬೆಯೂ ಇದೇ ಮನೆತನದ್ದು. ಚಿಪ್ಪಣಬೆ, ಹಾಲಣಬೆಗಳನ್ನು ಶೆಡ್ಡಿನಲ್ಲಿ ಬೆಳೆದು ಮಾರುವ ನಾವು ಹೆಗ್ಗಾಲಣಬೆಗೆ ಮಾತ್ರ ಗೆದ್ದಲಿನ ಮನೆಬಾಗಿಲಿಗೇ ಹೋಗಬೇಕು.

ಗುರ್ತು ಎನ್ನುವುದು ಊರಿಗೆ ಕಟ್ಟಿದ್ದು. ಘಟ್ಟದ ಕೆಳಗೆ ತುಳುನಾಡಿನವರು ಮೊದಲ ಗುಡುಗಿನ ನಂತರ ಮಣ್ಣು ಕೆದಕಿ ಕಲ್ಲಣಬೆ ಆರಿಸುತ್ತಾರೆ. ಗೋಲಿಯಷ್ಟಿರುವ ಅದನ್ನು ಒಡೆದಾಗ ಒಳಗೆ ಬಿಳಿ ಇದ್ದರೆ ಅಡುಗೆಗೆ, ಕಪ್ಪಾಗಿದ್ದರೆ ಎಸೆಯಲಿಕ್ಕೆ. ನನಗೆ ಕೊಟ್ಟರೆ ನಾನು ಕಲ್ಲೆಂದೇ ಬಿಸಾಡಿಯೇನು. ಊರು ಬಿಟ್ಟು ಊರಿಗೆ ಹೋದಾಗ ಹಳೆಯ ಗುರ್ತೇ ಕುತ್ತಿಗೆಗೆ ಬರುವುದೂ ಉಂಟು. ಪೂರ್ವ ಏಷ್ಯಾದಿಂದ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋಗಿ ನೆಲೆಸಿದ ಕೆಲವರು ಅಲ್ಲಿನ ಓಕ್ ಮರಗಳಡಿ ತಮ್ಮೂರಿನ ಹುಲ್ಲಣಬೆ ಕಂಡೆವೆಂದು ತಿಳಿದು ಕೊಯ್ದು ತಂದರು. ಅವು ಅಮನಿಟಾ ಫಾಲಾಯ್ಡಿಸ್ ಎಂಬ ಕೊಲ್ಲುವ ಅಣಬೆ. ಎಳೆಯದಿದ್ದಾಗ ಎರಡೂ ಮೊಟ್ಟೆಯೊಳಗಿಂದ ಎದ್ದಂತೆ ಕಾಣುತ್ತವೆ. ತಾಯ್ನಾಡಿನ ರುಚಿ ಸಿಕ್ಕಿತೆಂದು ಅವರಿಗಾದ ಖುಷಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆ ಅಣಬೆಯ ವಿಷ ಕುದಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ರುಚಿಯಲ್ಲಿ ಗೊತ್ತಾಗುವುದಿಲ್ಲ. ವಾಂತಿಭೇದಿ ಶುರುವಾಗಲು 6ರಿಂದ 12 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ನಡುವೆ ಒಂದು ದಿನ ಹಗುರಾದಂತೆ ಅನಿಸಿ, ಅಷ್ಟರಲ್ಲಿ ಪಿತ್ತಜನಕಾಂಗ ಕೆಟ್ಟಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಮಂದಿ ತೀರಿಕೊಂಡರು, ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು. ಬೆಳ್ಳಿ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಎಂಬ ಪರೀಕ್ಷೆಗಳನ್ನು ದಯವಿಟ್ಟು ನಂಬಬೇಡಿ, ಒಂದೂ ನಿಜವಲ್ಲ. ದೊಡ್ಡಮ್ಮ ಅಣಬೆಯನ್ನು ಅರಿಶಿನದ ನೀರಿಗೆ ಹಾಕುತ್ತಿದ್ದುದು ಹುಳ ಬಿಡಲಿ ಎಂದು. ವಿಷದ ಮಾತು ಆ ಹೊತ್ತಿಗೆ ಇರಲೇ ಇಲ್ಲ, ಅದು ದರೆಯ ಮೇಲೆಯೇ ತೀರ್ಮಾನವಾಗಿರುತ್ತಿತ್ತು. ಈಗ ನನ್ನ ಮೊಬೈಲಿಗೆ ಮಳೆಗಾಲದಲ್ಲಿ ಫೋಟೊಗಳು ಬರುತ್ತವೆ, ‘ಇದು ತಿನ್ನಬಹುದಾ?’ ಎಂದು. ಫೋಟೊದಲ್ಲಿ ಬುಡ ಕಾಣುವುದಿಲ್ಲ, ವಾಸನೆ ಇಲ್ಲ, ಅದು ಎದ್ದ ನೆಲವಿಲ್ಲ. ಬೇಡ ಎಂದೇ ಬರೆಯುತ್ತೇನೆ.

ಹೋದ ಬೇಸಿಗೆಯಲ್ಲಿ ಅಡಿಕೆ ಒಣಗಿಸುವ ಅಂಗಳ ದೊಡ್ಡದು ಮಾಡಲು ಜೆಸಿಬಿ ಬಂದಿತ್ತು. ಹುತ್ತ ತೆಗೆದರೆ ಅಂಗಳ ಚಚ್ಚೌಕವಾಗುತ್ತದೆ ಎಂದು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ, ಅಂಗಳದ ಒಂದು ಮೂಲೆ ಸೊಟ್ಟಗೇ ಉಳಿಯಿತು. ಆ ದರೆಗೆ ಕಳೆನಾಶಕ ಹೊಡೆಸುವುದನ್ನೂ ನಿಲ್ಲಿಸಿದ್ದೇವೆ.

ಮೊನ್ನೆ ತಮ್ಮನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೋಲು ಅವಳ ಕೈಗೆ ಕೊಟ್ಟೆ. ಮೊದಲನೆಯದರ ಬಾಲ ನಡುವೆ ತುಂಡಾಯಿತು, ಎರಡನೆಯದೂ. ಮೂರನೆಯದಕ್ಕೆ ಮಣ್ಣಿನಲ್ಲಿ ಮಂಡಿಯೂರಿ ಕೂತು ಬಹಳ ಹೊತ್ತು ಬಿಡಿಸಿದಳು; ಮೊಳಕ್ಕಿಂತ ಉದ್ದದ ಬಾಲ ಇಡಿಯಾಗಿ ಬಂತು. ಪೂರ್ತಿ ಅರಳಿದ ನಾಲ್ಕನ್ನು ಹುತ್ತದ ಬಳಿಯೇ ಬಿಟ್ಟೆವು. ಉಳಿದವುಗಳ ಕಾಲಿನ ಮಣ್ಣು ಕೆರೆದು, ಉದ್ದಕ್ಕೆ ಸೀಳಿ ಸಾರು ಮಾಡಿದೆವು. ಕಡುಬು ಬೇಯುವವರೆಗೂ ಅವಳು ಆ ಬಾಲವನ್ನು ಕೆಳಗಿಡಲಿಲ್ಲ.