ರಾಗಿಯ ಮರ್ಯಾದೆ

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ಬಡವರ ಹೊಟ್ಟೆ ಸೇರುವ ನಿನಗೆಂಥ ಮಾನ ಎಂದು ಭತ್ತ ಹಂಗಿಸುತ್ತದೆ. ರಾಮ ಅವಸರದಲ್ಲಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗಿಹೋಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಕಷ್ಟಕಾಲಕ್ಕೆ ಒದಗಿದ್ದೇ ದೊಡ್ಡದು ಎಂಬ ಈ ಅಳತೆ ಬಯಲುಸೀಮೆಯವರಿಗೆ ಹೊಸದೇನಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ಎಷ್ಟೋ ಬರಗಾಲಗಳನ್ನು ದಾಟಿಸಿದೆ.

ಆದರೂ ಪಟ್ಟಣ ಸೇರಿದ ಅನೇಕ ಮನೆಗಳು ನೆಂಟರು ಬಂದ ದಿನ ಮುದ್ದೆಯನ್ನು ಮರೆಮಾಡಿ ಅನ್ನ ಬಡಿಸಿದವು. ಕಾಳಿನಲ್ಲಿ ಕೊರತೆಯೇನೂ ಇರಲಿಲ್ಲ. ಉಣ್ಣುವವರ ಜಾತಿಗೆ, ಬಡತನಕ್ಕೆ ಅಂಟಿದ್ದ ತಾತ್ಸಾರ ಕಾಳಿಗೂ ಅಂಟಿಕೊಂಡಿತ್ತು.

ಇಂದಿನ ಹುಡುಗ ಹುಡುಗಿಯರಿಗೆ ಆ ನಾಚಿಕೆಯಿಲ್ಲ. ಬೆಂಗಳೂರಿನ ಕಚೇರಿಗಳಿಗೆ ರಾಗಿರೊಟ್ಟಿಯ ಡಬ್ಬಿ ಒಯ್ಯುತ್ತಾರೆ. ಬೇರೆ ರಾಜ್ಯದ ಗೆಳೆಯರಿಗೆ ಮುದ್ದೆ ನುಂಗುವುದನ್ನು ಕಲಿಸುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ್ದು ಕೆಲವರಿಗೆ ನೆವವಾಗಿರಬಹುದು, ಕ್ಯಾಲ್ಸಿಯಂ ಲೆಕ್ಕವೂ ಇರಬಹುದು. ಏನೇ ಇರಲಿ, ಹಿರಿಯರಿಗೆ ಬಿಡಲಾಗದ ಒಂದು ಮೇಲು-ಕೀಳನ್ನು ಇವರು ಗದ್ದಲವಿಲ್ಲದೆ ಕಳಚಿಟ್ಟರು. ಬರೀ ನಾಲಿಗೆಯ ರುಚಿ ಬದಲಾಯಿತು ಎಂದು ಇದನ್ನು ತಳ್ಳಿಹಾಕಲು ನನ್ನಿಂದಾಗದು. ಇದು ನೀತಿಯ ಮಾತೇ ಹೌದು.

ಹೀಗಿದ್ದೂ ಮನಸ್ಸು ಒಂದೆಡೆ ತೊಡಕಿಕೊಳ್ಳುತ್ತದೆ. 2013–14ರಲ್ಲಿ ಕ್ವಿಂಟಲ್ ರಾಗಿಗೆ 1,500 ರೂಪಾಯಿ ಇದ್ದ ಬೆಂಬಲ ಬೆಲೆ 2025–26ಕ್ಕೆ 4,886 ರೂಪಾಯಿ ಆಯಿತು. ಅಷ್ಟಾದರೂ ಕಿಲೋಗೆ ಐವತ್ತು ತುಂಬಲಿಲ್ಲ. ಅದೇ ರಾಗಿ ಬಿಸ್ಕತ್ತಾಗಿ ಬಣ್ಣದ ಪೊಟ್ಟಣ ಸೇರಿತೆಂದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಮುಂಗಾರಿನಲ್ಲಿ ಕುಂಟೆ ಹೊಡೆದವರು, ಕಳೆ ಕಿತ್ತವರು, ಚಳಿಯಲ್ಲಿ ಬಗ್ಗಿಕೊಂಡೇ ಪೈರು ಕೊಯ್ದ ಹೆಂಗಸರು ಆ ಏರಿಕೆಯಾಚೆಗೇ ನಿಂತಿದ್ದಾರೆ. ಕಾಳಿಗೆ ಸಿಕ್ಕ ಮರ್ಯಾದೆ ಅವರ ಕೂಲಿಯ ತನಕ ಇಳಿದಿಲ್ಲ.

ಬೆಳೆದವರು ಯಾರು, ಅವರಿಗೆ ಎಷ್ಟು ದಕ್ಕಿತು ಎಂದು ಕೇಳುವ ಹುಡುಗರೂ ಈಗ ಇದ್ದಾರೆ. ರೈತರ ಸಂತೆಗೆ ತಾವೇ ಹೋಗಿ, ಚೌಕಾಸಿ ಮಾಡದೆ ಕೊಳ್ಳುತ್ತಾರೆ. ಅಂಥವರು ಕಡಿಮೆ. ಪೊಟ್ಟಣ ಕೈಗೆತ್ತಿಕೊಂಡಾಗ ಪೌಷ್ಟಿಕಾಂಶದ ಪಟ್ಟಿ ಓದುವಷ್ಟೇ ಸಹಜವಾಗಿ ಆ ಪ್ರಶ್ನೆ ಉಳಿದವರ ಬಾಯಿಗೂ ಬರಲಿ ಎಂಬುದು ಈ ಬೆಳಗಿನ ನನ್ನ ಆಸೆ.