ಗಾದೆಯನ್ನು ಹಾಸಿಗೆಯ ಕಡೆಯಿಂದ ಓದಿದರೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು.’

ಸಾಲ ಮಾಡಿ ಮದುವೆಗೆ ದೊಡ್ಡ ಛತ್ರ ಹುಡುಕುವವರಿಗೆ, ಕಂತಿನ ಮೇಲೆ ಕಾರು ತರುವವರಿಗೆ ನಾವು ಹೇಳುತ್ತ ಬಂದ ಬುದ್ಧಿಮಾತು ಇದು. ಹೇಳುವವರ ಕಣ್ಣೆಲ್ಲ ಕಾಲಿನ ಮೇಲೆಯೇ. ಆ ಹಾಸಿಗೆ ಎಲ್ಲಿಂದ ಬಂತು, ಅದರ ಉದ್ದಗಲ ಗೊತ್ತುಮಾಡಿದವರು ಯಾರು ಎಂದು ಗಾದೆಯೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಕೇಳುವುದಕ್ಕೆ ಮಲೆನಾಡಿನಲ್ಲಿ ಒಳ್ಳೆಯ ಹೊತ್ತೆಂದರೆ ಮಳೆ ರಜೆ. ಆಷಾಢದ ಮಳೆ ಹಟ ಹಿಡಿದರೆ ‘ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗಳಿಗೆ ರಜೆ’ ಎಂಬ ಸುದ್ದಿ ಮೊಬೈಲಿಗೆ ಬಂದು ಬೀಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ದಾಟುತ್ತದೆ. ಹೊಸನಗರದ ಹುಲಿಕಲ್ಲಿನ ಮಳೆಯೂ ಕಡಿಮೆಯದಲ್ಲ. ಹೊರಗೆ ಹೋಗುವಂತಿಲ್ಲ, ಕರೆಂಟು ಬರುವ ನಂಬಿಕೆಯಿಲ್ಲ. ಹಲಸಿನ ಹಪ್ಪಳ ಸುಟ್ಟು ತಿಂದು, ಒಂದು ನಿದ್ದೆ ತೆಗೆದ ಮೇಲೆ ಯಾರಾದರೂ ಅಟ್ಟ ಹತ್ತುತ್ತಾರೆ.

ಅಲ್ಲಿಂದ ಇಳಿಯುವುದು ಬೂಷ್ಟು ಹಿಡಿದ ಟ್ರಂಕು, ಕಾಲರು ಹರಿದ ಅಂಗಿ, ಅಂಚು ಗಟ್ಟಿಯಿದ್ದು ಒಡಲು ಸವೆದ ಸೀರೆ, ಯಾರೋ ಕೊಟ್ಟು ಇನ್ಯಾರಿಗೋ ಕೊಡಲೆಂದು ಇಟ್ಟ ರವಿಕೆ ಕಣಗಳ ಕಟ್ಟು. ಎಸೆಯುವ ರಾಶಿಗೆ ಮೊಮ್ಮಕ್ಕಳು ಕೈಹಾಕಿದರೆ ಸಾಗರದ ಕಡೆಯ ಹವ್ಯಕರ ಮನೆಯ ಅಜ್ಜಿಯ ತಡೆಯಾಜ್ಞೆ ಸಿದ್ಧ: ‘ಎಸೆಯಡ, ಕೌದಿಗೆ ಆಗ್ತು.’

ಹಾಸಲೂ ಹೊದೆಯಲೂ ಆಗುವ ಕೌದಿಗೆ ಹಳೆಯ ಹತ್ತಿ ಬಟ್ಟೆಯೇ ಬೇಕು. ನೂರಾರು ಸಲ ಒಗೆದ ಸೀರೆ ಮೆತ್ತಗಾಗಿರುತ್ತದೆ, ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಅದರ ಪಕ್ಕಕ್ಕೆ ಹೊಸ ತುಂಡು ಹಾಕಿದರೆ ಮೊದಲ ಒಗೆತಕ್ಕೇ ಕುಗ್ಗಿ ಹಳೆಯದನ್ನು ಜಗ್ಗುತ್ತದೆ. ಸೀರೆಯನ್ನು ಪದರ ಮಾಡಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಉದ್ದಕ್ಕೂ ಸಾಲು ಹೊಲಿಗೆ ಹಾಕುತ್ತ ಹೋಗಬೇಕು. ಸಾಲು ಹತ್ತಿರವಾದಷ್ಟೂ ಬಾಳಿಕೆ ಹೆಚ್ಚು. ಎಲ್ಲಾದರೂ ಹರಿದರೆ ಬಿಚ್ಚುವ ಗೋಜಿಲ್ಲ, ಮೇಲೊಂದು ತೇಪೆ ಬೀಳುತ್ತದೆ. ತೀರಾ ಜೀರ್ಣವಾದ ಕೌದಿ ಹೊಸ ಕೌದಿಯ ಹೊಟ್ಟೆ ಸೇರುತ್ತದೆ. ಪಕ್ಕದ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಹೊಲಿಯುತ್ತ ಸುತ್ತು ಬಂದು ನಡುವಿನಲ್ಲಿ ಮುಗಿಸುತ್ತಾರೆ; ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಇಡದೆ ಅವರ ಕೌದಿ ಪೂರ್ತಿಯಾಗುವುದಿಲ್ಲ.

ಅಡಿಕೆ ಮನೆಗಳ ಕೌದಿಯಲ್ಲಿ ಒಂದೆರಡು ಕೆಂಗಂದು ತುಂಡು ಇದ್ದೇ ಇರುತ್ತದೆ. ಅಡಿಕೆ ಬೇಯಿಸುವಾಗ ಉಟ್ಟ ಪಂಚೆಗೆ ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ನೀರು, ಸಿಡಿದರೆ ಯಾವ ಸೋಪಿಗೂ ಅದು ಜಗ್ಗುವುದಿಲ್ಲ. ಉಡಲು ಬಾರದ ಆ ಪಂಚೆ ಹೊದೆಯಲು ಬರುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ಅದೇ ಚೊಗರಿನಲ್ಲಿ ಕೈಮಗ್ಗದ ನೂಲಿಗೆ ಬಣ್ಣ ಹಾಕುತ್ತಾರೆ. ಮನೆಯಲ್ಲಿ ಕಲೆ ಅನ್ನಿಸಿಕೊಂಡದ್ದಕ್ಕೆ ಅಲ್ಲಿ ಬೆಲೆಯಿದೆ.

ಇಷ್ಟು ನೋಡಿದ ಮೇಲೆ ಗಾದೆಗೆ ಮರಳಿದರೆ, ಹಾಸಿಗೆ ಯಾರೋ ಅಳೆದು ಕೊಟ್ಟದ್ದು ಎಂಬ ನಂಬಿಕೆ ಸಡಿಲುತ್ತದೆ. ಮಕ್ಕಳ ಕಾಲು ಬೆಳೆದಂತೆ ಮನೆಯ ಹೆಂಗಸರು ತುಂಡಿಗೆ ತುಂಡು ಸೇರಿಸಿ ಅದನ್ನು ಬೆಳೆಸಿದರು. ಕಾಲು ಮಡಚುವುದನ್ನು ಗಂಡಸರು ಉಪದೇಶಿಸುತ್ತಿದ್ದಾಗ ಒಳಗೆ ಹಾಸಿಗೆ ಉದ್ದವಾಗುತ್ತಿತ್ತು.

ಹಾಗೆಂದು ಎಲ್ಲ ಕೊರತೆಯನ್ನೂ ಸೂಜಿ ತುಂಬಿಸಲಾರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಸಾಗರ, ಹೊಸನಗರದ ಊರುಗಳು ಶರಾವತಿಯ ಹಿನ್ನೀರಿಗೆ ಸಂದವು. ಮನೆ, ತೋಟ, ಅಟ್ಟ ಎಲ್ಲ ಬಿಟ್ಟು ಎದ್ದ ಮುಳುಗಡೆಯ ಜನಕ್ಕೆ ಯಾವುದು ಬೇಕು, ಯಾವುದು ಬೇಡ ಎಂದು ಆರಿಸಲು ರಜೆಯ ದಿನದ ಪುರುಸೊತ್ತು ಇರಲಿಲ್ಲ. ಹಾಸಿಗೆಯನ್ನೇ ಕಸಿದುಕೊಂಡವರು ಕಾಲಿನ ಬಗ್ಗೆ ಬುದ್ಧಿ ಹೇಳಿದರೆ ಗಾದೆಗೇ ಅವಮಾನ.

ಈಗ ಅನೇಕ ಮನೆಗಳಲ್ಲಿ ಲೆಕ್ಕ ತಿರುವುಮುರುವಾಗಿದೆ. ಕಾಲು ಅಷ್ಟೇ ಇದೆ, ಹಾಸಿಗೆ ಬೆಳೆಯುತ್ತಲೇ ಇದೆ. ಬೀರು ತುಂಬಿ ಅಟ್ಟಕ್ಕೆ, ಅಟ್ಟ ತುಂಬಿ ಮಂಚದಡಿಗೆ ಬಟ್ಟೆ ಇಳಿದಿದೆ. ಇವರಿಗೆ ಗಾದೆಯನ್ನು ತಿರುಗಿಸಿ ಹೇಳಬೇಕು: ಕಾಲು ಇದ್ದಷ್ಟು ಹಾಸಿಗೆ ಇಟ್ಟುಕೊ. ‘ಕೌದಿಗೆ ಆಗ್ತು’ ಎಂದು ಎತ್ತಿಟ್ಟು ಹೊಲಿಯದೇ ಬಿಟ್ಟ ಗಂಟೂ ಅಟ್ಟದ ಕಸವೇ. ಒಂದು ಕೌದಿಗೆ ಆಗುವಷ್ಟು ಆರಿಸಿ ಈ ಮಳೆಯಲ್ಲೇ ಸೂಜಿ ಹಿಡಿದರೆ ಸರಿ. ಗಟ್ಟಿಯಿದ್ದದ್ದು ಉಡುವವರಿಗೆ ಹೋಗಲಿ, ತೀರಾ ಹರಿದದ್ದು ಮಸಿಬಟ್ಟೆಯಾಗಲಿ.

ಆದರೆ ರಾಶಿಯಲ್ಲಿ ಕೊನೆಗೆ ಉಳಿಯುವುದು ಜಾರುವ, ಬೆವರು ಹೀರದ, ಯಾವ ಪದರಕ್ಕೂ ಹೊಂದದ ಪಾಲಿಯೆಸ್ಟರು. ಅದಕ್ಕೆ ಅಜ್ಜಿಯ ಬಳಿಯೂ ಉಪಾಯವಿಲ್ಲ. ಹಾಗಾಗಿ ಅವಳ ಮಾತನ್ನು ಅಟ್ಟದ ಬುಡದಲ್ಲಿ ನಿಂತು ಕೇಳುವುದಕ್ಕಿಂತ ಬಟ್ಟೆ ಅಂಗಡಿಯಲ್ಲೇ ಕೇಳಿಕೊಳ್ಳುವುದು ಲೇಸು: ಹಳತಾದ ಮೇಲೆ ಇದು ಕೌದಿಗೆ ಆಗುತ್ತದೆಯೆ?